ನೆರೆಯವರಿಲ್ಲದ ಸಂವಾದ



ಮತಧರ್ಮದ ಸ್ವಾತಂತ್ರ್ಯ ಎಂದೊಡನೆ ನಮ್ಮ ಕಣ್ಣಿಗೆ ಎರಡು ಜಾಗಗಳು ಕಟ್ಟುತ್ತವೆ. ಒಂದು ನ್ಯಾಯಾಲಯ, ಇನ್ನೊಂದು ಸರ್ವಧರ್ಮ ಸಮ್ಮೇಳನದ ವೇದಿಕೆ. ಮೊದಲನೆಯದರಲ್ಲಿ ವಕೀಲರು ವಾದ ಮಂಡಿಸುತ್ತಾರೆ. ಎರಡನೆಯದರಲ್ಲಿ ಸ್ವಾಮಿಗಳು, ಬಿಷಪ್ಪರು, ಮೌಲ್ವಿಗಳು ಕೂಡಿ ದೀಪ ಹಚ್ಚುತ್ತಾರೆ. ಎರಡೂ ಬೇಕಾದವೇ. ಆದರೆ ನಗರದಲ್ಲಿ ಸಂಸಾರ ಹೂಡಿದವರಿಗೆ ಈ ಸ್ವಾತಂತ್ರ್ಯ ಎದುರಾಗುವ ಜಾಗಗಳೇ ಬೇರೆ: ಬಾಡಿಗೆ ಮನೆಯ ಬಾಗಿಲು, ಮೆರವಣಿಗೆ ತಿರುಗುವ ಮೂಲೆ, ರಾತ್ರಿ ಹತ್ತರ ನಂತರದ ಮೈಕು, ಸ್ಮಶಾನದ ಗೇಟು. ಇವತ್ತು ನಾನು ನಿಮ್ಮನ್ನು ಆ ಜಾಗಗಳಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಗರದಲ್ಲಿ ಧರ್ಮಸ್ವಾತಂತ್ರ್ಯದ ತಳಪಾಯ ಯಾರು ಎಲ್ಲಿ ವಾಸಿಸಬಹುದು ಎಂಬ ಪ್ರಶ್ನೆಯಲ್ಲಿದೆ. ಬೇರೆ ಬೇರೆ ನಂಬಿಕೆಯವರು ಒಂದೇ ಬೀದಿಯಲ್ಲಿ ಇರುವುದು ನಿಂತುಹೋದರೆ, ಅವರ ನಡುವಿನ ಸಂವಾದ ವರ್ಷಕ್ಕೊಮ್ಮೆ ನಡೆಯುವ ಸಮಾರಂಭವಾಗಿ ಉಳಿಯುತ್ತದೆ.

ಸಂವಿಧಾನದಿಂದ ಹೊರಡೋಣ. 25ನೇ ವಿಧಿ ಎಲ್ಲ ವ್ಯಕ್ತಿಗಳಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಕೊಡುತ್ತದೆ. ತಮ್ಮ ಧರ್ಮವನ್ನು ಹೇಳಿಕೊಳ್ಳುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಇವುಗಳಿಗೆ ಒಳಪಟ್ಟು ಎಂಬ ಷರತ್ತೂ ಅಲ್ಲಿಯೇ ಇದೆ. 1948ರ ಡಿಸೆಂಬರ್ 3 ಮತ್ತು 6ರಂದು ಸಂವಿಧಾನ ರಚನಾ ಸಭೆ ಈ ವಿಧಿಯನ್ನು ಚರ್ಚಿಸಿದಾಗ ಪ್ರಸಾರದ ಹಕ್ಕು ಬೇಡ ಎಂದವರಿದ್ದರು. ಒರಿಸ್ಸಾದ ಲೋಕನಾಥ ಮಿಶ್ರರ ವಿರೋಧ ಅದರಲ್ಲಿ ಕಟುವಾದದ್ದು. ತಜಮ್ಮುಲ್ ಹುಸೇನರೂ ಬೇರೆ ಕಾರಣದಿಂದ ಅದೇ ಮಾತನ್ನಾಡಿದರು. ಧರ್ಮ ಮನುಷ್ಯನಿಗೂ ದೇವರಿಗೂ ನಡುವಿನ ಖಾಸಗಿ ವಿಷಯ ಎಂಬುದು ಅವರ ನಿಲುವು. ಕೆ. ಎಂ. ಮುನ್ಷಿ, ಟಿ. ಟಿ. ಕೃಷ್ಣಮಾಚಾರಿ ಮೊದಲಾದವರು ಆ ಹಕ್ಕನ್ನು ಉಳಿಸಿಕೊಟ್ಟರು. ಮುಂದೆ 1977ರಲ್ಲಿ ಸುಪ್ರೀಂ ಕೋರ್ಟು, ಪ್ರಸಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಅದರ ಹಿಂದೆಯೇ ಬರಬೇಕಾದ ಪ್ರಶ್ನೆಯೊಂದಿದೆ. ಒಬ್ಬರು ತಾವಾಗಿಯೇ ನಂಬಿಕೆ ಬದಲಿಸಬಯಸಿದರೆ ಅವರ ಅಂತಃಸಾಕ್ಷಿಯ ಕಥೆಯೇನು? ಅದಕ್ಕೆ ಆಮೇಲೆ ಬರುತ್ತೇನೆ.

ಕನ್ನಡ ನಾಡಿಗೆ ಹತ್ತಿರದ ಒಂದು ಮೊಕದ್ದಮೆಯನ್ನು ಇಲ್ಲಿ ನೆನೆಯಬೇಕು. ಮೂಲ್ಕಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತರದು. ಮದರಾಸಿನ 1947ರ ದೇಗುಲ ಪ್ರವೇಶ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆಯೇ ಎಂಬುದು ಪ್ರಶ್ನೆ. 1957ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಒಂದು ಪಂಗಡ ತನ್ನ ಧಾರ್ಮಿಕ ವ್ಯವಹಾರವನ್ನು ತಾನೇ ನಡೆಸಿಕೊಳ್ಳುವ ಹಕ್ಕಿಗಿಂತ ಎಲ್ಲ ಹಿಂದೂಗಳ ಪ್ರವೇಶದ ಹಕ್ಕು ದೊಡ್ಡದು. ಆದರೆ ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಪಂಗಡದವರು ತಮ್ಮಷ್ಟಕ್ಕೆ ಇರಬಹುದು. ಈ ತೀರ್ಪು ನನಗೆ ಇಷ್ಟವಾಗುವುದು ಅದು ಬಾಗಿಲನ್ನೂ ಹೊತ್ತನ್ನೂ ಕುರಿತು ಮಾತನಾಡುವುದರಿಂದ. ಯಾವ ಬಾಗಿಲು, ಯಾವ ಹೊತ್ತು, ಯಾರು ಒಳಗೆ ಎಂದು ಬಿಡಿಸಿ ಕೇಳುವತನಕ ಧರ್ಮಸ್ವಾತಂತ್ರ್ಯ ಕಾಗದದ ಮೇಲಿನ ಮಾತಾಗಿಯೇ ಇರುತ್ತದೆ.

ಈಗ ಬೆಂಗಳೂರಿಗೆ ಬರೋಣ. ಇದು ಎರಡು ಊರುಗಳು ಸೇರಿ ಆದ ಊರು. ಒಂದು ಕಡೆ ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ಕಾಟನ್‌ಪೇಟೆ, ತಿಗಳರಪೇಟೆಗಳ ಹಳೆಯ ಪೇಟೆ. ಕಸುಬು ಯಾವುದೋ ಬೀದಿ ಅದು. ಇನ್ನೊಂದು ಕಡೆ 1809ರ ನಂತರ ಬೆಳೆದ ಬ್ರಿಟಿಷರ ದಂಡು. ಎರಡಕ್ಕೂ ಬೇರೆ ಬೇರೆ ಪುರಸಭೆಗಳಿದ್ದವು. ಅವು ಒಂದೇ ಪಾಲಿಕೆಯಾದದ್ದು 1949ರಲ್ಲಿ. ಅವೆನ್ಯೂ ರಸ್ತೆಯ ಗದ್ದಲದ ನಡುವೆ ಕನ್ನಡದಲ್ಲಿ ಪ್ರಾರ್ಥನೆ ನಡೆಯುವ ರೈಸ್ ಸ್ಮಾರಕ ಚರ್ಚ್ ಇದೆ. ಕ್ವೀನ್ಸ್ ರಸ್ತೆಯಲ್ಲಿ ಪಾರ್ಸಿಗಳ ಅಗ್ನಿಮಂದಿರವಿದೆ. ಮೈಸೂರು ರಸ್ತೆಯಲ್ಲಿ ಯಹೂದಿಗಳ ಪುಟ್ಟ ಸ್ಮಶಾನವಿದೆ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಮಾತೆಗೆ ಸೀರೆ ಉಡಿಸುತ್ತಾರೆ. ಸೆಪ್ಟೆಂಬರ್ 8ರ ಹಬ್ಬದ ತೇರಿಗೆ ಬಂದು ಮೇಣದಬತ್ತಿ ಹಚ್ಚುವವರಲ್ಲಿ ಕ್ರೈಸ್ತರಲ್ಲದವರೇ ಎಷ್ಟೋ ಜನ. ಇವರಲ್ಲಿ ಯಾರೂ ಅಂತರಧರ್ಮೀಯ ಸಂವಾದ ಮಾಡುತ್ತಿದ್ದೇವೆ ಎಂದುಕೊಂಡವರಲ್ಲ. ಮಗುವಿಗೆ ಜ್ವರ ಬಿಡಲಿ, ಮಗಳಿಗೆ ಸಂಬಂಧ ಕೂಡಿಬರಲಿ ಎಂದು ಹರಕೆ ಹೊತ್ತವರು.

ಇದೇ ಪೇಟೆಯ ಕರಗ ಉತ್ಸವದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಚೈತ್ರ ಹುಣ್ಣಿಮೆಯ ನಡುರಾತ್ರಿಯ ಮೇಲೆ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತದೆ. ಮಲ್ಲಿಗೆಯಲ್ಲಿ ಮುಚ್ಚಿಹೋದ ಕರಗ, ಹೆಣ್ಣುಡುಗೆ ತೊಟ್ಟು ಅದನ್ನು ಹೊತ್ತ ಪೂಜಾರಿ, ಸುತ್ತ ಕತ್ತಿ ಹಿಡಿದ ವೀರಕುಮಾರರು, ಗೋವಿಂದ ಎಂಬ ಕೂಗು. ತಿಗಳ ಸಮುದಾಯದವರು ನಡೆಸಿಕೊಂಡು ಬಂದ, ದ್ರೌಪದಿಯನ್ನು ನೆನೆಯುವ ಉತ್ಸವ. ಆ ಕರಗ ಪೇಟೆಯ ಬೀದಿಗಳನ್ನು ಸುತ್ತುತ್ತ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗುತ್ತದೆ. ಮಸ್ತಾನರು ಹೈದರಾಲಿಯ ಕಾಲದವರೆಂದು ಹೇಳುತ್ತಾರೆ. ಕರಗ ಅಲ್ಲಿಗೆ ಏಕೆ ಹೋಗುತ್ತದೆ ಎಂಬುದಕ್ಕೆ ಪೇಟೆಯಲ್ಲಿ ಹಲವು ಕಥೆಗಳಿವೆ, ಒಂದಕ್ಕೊಂದು ಹೊಂದುವುದಿಲ್ಲ. ಹೊಂದಬೇಕಾದ ಅಗತ್ಯವೂ ಇಲ್ಲ. ಕಥೆ ಯಾವುದಿದ್ದರೂ ದಾರಿ ಅದೇ.

2022ರ ಏಪ್ರಿಲ್‌ನಲ್ಲಿ ಆ ದಾರಿಯನ್ನೇ ಬದಲಿಸಬೇಕೆಂಬ ಒತ್ತಾಯ ಬಂತು. ಕರ್ನಾಟಕದಲ್ಲಿ ಶಾಲಾ ಸಮವಸ್ತ್ರ, ಜಾತ್ರೆಯ ಅಂಗಡಿ, ಹಲಾಲ್ ಎಂದು ಒಂದರ ಹಿಂದೊಂದು ವಿವಾದಗಳೆದ್ದಿದ್ದ ಕಾಲ ಅದು. ಕರಗ ದರ್ಗಾಕ್ಕೆ ಹೋಗಬಾರದು ಎಂದು ಕೆಲವರು ಕೂಗೆಬ್ಬಿಸಿದರು. ಆಗ ಏನು ನಡೆಯಿತು ಎಂಬುದನ್ನು ಗಮನಿಸಬೇಕು. ದರ್ಗಾದ ಕಡೆಯವರು ತಾವಾಗಿಯೇ ಧರ್ಮರಾಯನ ಗುಡಿಗೆ ಬಂದು, ಎಂದಿನಂತೆ ಕರಗ ನಮ್ಮಲ್ಲಿಗೆ ಬರಬೇಕು ಎಂದು ಆಹ್ವಾನ ಕೊಟ್ಟರು. ಗುಡಿಯ ಕಡೆಯ ಹಿರಿಯರು ಸಂಪ್ರದಾಯ ಬಿಡುವುದಿಲ್ಲ ಎಂದರು. ರಂಜಾನ್ ತಿಂಗಳಾಗಿದ್ದರೂ ದರ್ಗಾ ಬಾಗಿಲು ತೆರೆದು ಕಾದಿತ್ತು. ಕರಗ ಹೋಯಿತು, ಬಂತು.

ಈ ಪ್ರಸಂಗವನ್ನು ಸೌಹಾರ್ದದ ಸುಂದರ ಚಿತ್ರವೆಂದು ಗೋಡೆಗೆ ತೂಗುಹಾಕಿ ಸುಮ್ಮನಾಗುವುದು ಸುಲಭ. ನಾನು ಇದರಲ್ಲಿ ಬೇರೊಂದನ್ನು ಕಾಣುತ್ತೇನೆ. ಗುಡಿಯವರೂ ದರ್ಗಾದವರೂ ಆಗ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಗಿರಲಿಲ್ಲ. ಒಬ್ಬರ ಅಂಗಡಿ ಇನ್ನೊಬ್ಬರಿಗೆ ಗೊತ್ತು, ಒಬ್ಬರ ತಂದೆ ಇನ್ನೊಬ್ಬರ ತಂದೆಗೆ ಗೊತ್ತು. ಗುಡಿಯಿಂದ ದರ್ಗಾಕ್ಕೆ ನಡೆದೇ ಹೋಗಬಹುದು. ಒತ್ತಾಯ ಹೊರಗಿನಿಂದ ಬಂದಾಗ ಒಳಗಿನವರು ಯಾರ ಮನೆಗೆ ಹೋಗಬೇಕು, ಯಾರೊಡನೆ ಮಾತಾಡಬೇಕು ಎಂದು ತಿಳಿದವರಾಗಿದ್ದರು. ಆಹ್ವಾನ ಕೊಡಲು ಬಂದವರಿಗೂ ಅದನ್ನು ಒಪ್ಪಿಕೊಂಡವರಿಗೂ ನಡುವೆ ವರ್ಷಾಂತರದ ಬಳಕೆಯಿತ್ತು. ಆ ಬಳಕೆಯೇ ಅವರನ್ನು ಕಾಪಾಡಿತು.

ಪೇಟೆಯ ನೆರೆಹೊರೆ ಯಾವಾಗಲೂ ಕಾಪಾಡಿದೆ ಎಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಇತಿಹಾಸಕ್ಕೆ ಅನ್ಯಾಯ. 1928ರಲ್ಲಿ ಇದೇ ಪೇಟೆಯ ಸುಲ್ತಾನ್‌ಪೇಟೆ ಸರ್ಕಾರಿ ಶಾಲೆಯ ಆವರಣದ ಗಣೇಶ ವಿಗ್ರಹದ ವಿಚಾರ ಬೀದಿಗೆ ಬಂತು. ವಿದ್ಯಾರ್ಥಿಗಳು, ಪತ್ರಿಕೆಗಳು, ರಾಜಕೀಯದವರು ಎಲ್ಲರೂ ಅದರೊಳಕ್ಕೆ ಬಂದರು. ಜುಲೈ ಕೊನೆಗೆ ಹಿಂದೂ ಮುಸ್ಲಿಮರ ನಡುವೆ ಹೊಡೆದಾಟವೇ ಆಯಿತು. ಆಗ ಮೈಸೂರಿನ ದಿವಾನರು ಮಿರ್ಜಾ ಇಸ್ಮಾಯಿಲ್. ವಿಚಾರಣೆಗೆಂದು ನೇಮಿಸಿದ ಸಮಿತಿಯ ಅಧ್ಯಕ್ಷರು ಸರ್ ಎಂ. ವಿಶ್ವೇಶ್ವರಯ್ಯ. ಒಂದು ಶಾಲೆಯ ಜಾಗದ ಪ್ರಶ್ನೆಗೆ ರಾಜ್ಯದ ಅತಿ ದೊಡ್ಡ ಹೆಸರುಗಳು ಬೇಕಾದವು ಎನ್ನುವುದೇ ಅದರ ಗಾತ್ರವನ್ನು ಹೇಳುತ್ತದೆ. ವಿಗ್ರಹದ ಸುತ್ತ ಬೆಳೆದದ್ದು ಭಕ್ತಿಯಷ್ಟೇ ಅಲ್ಲ. ಆಡಳಿತದ ಬಗೆಗಿದ್ದ ಅಸಮಾಧಾನ, ನೌಕರಿಗಳ ಪೈಪೋಟಿ, ಜವಾಬ್ದಾರಿ ಸರ್ಕಾರಕ್ಕಾಗಿ ಎದ್ದಿದ್ದ ಬೇಡಿಕೆ ಇವೆಲ್ಲ ಅಲ್ಲಿ ಬಂದು ಸೇರಿದವು. 1994ರ ಅಕ್ಟೋಬರ್‌ನಲ್ಲಿ ದೂರದರ್ಶನದ ಹತ್ತು ನಿಮಿಷದ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರಿನಲ್ಲಿ ಹೆಣಗಳು ಬಿದ್ದವು. ಅದರ ಬಗ್ಗೆ ನಾವು ಕನ್ನಡಿಗರು ಇನ್ನೂ ಸರಿಯಾಗಿ ಮಾತಾಡಿಲ್ಲ. ಭಾಷೆಯ ಜಗಳವೆಂದು ಶುರುವಾದದ್ದು ಧರ್ಮದ ಜಗಳವಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಅಂದಿನ ದಿನಗಳನ್ನು ಕಂಡವರು ಬಲ್ಲರು.

ಹಾಗಾದರೆ ನೆರೆಹೊರೆ ಒಂದೇ ಸಾಲದು. ನೆರೆಯವರ ನಡುವೆ ಮಾತು ನಡೆಯುವ ಒಂದು ರೂಢಿ ಬೇಕು. ಈ ವಿಷಯದಲ್ಲಿ ಜಗತ್ತಿಗೆ ದಾರಿ ತೋರಿಸಿದವರಲ್ಲಿ ಒಬ್ಬರು ಕಾರ್ಕಳದವರು ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಸ್ಟ್ಯಾನ್ಲಿ ಸಮರ್ಥ 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಪಾಠ ಹೇಳಿದವರು. ಚರ್ಚುಗಳ ಜಾಗತಿಕ ಮಂಡಳಿ 1971ರಲ್ಲಿ ಜಿನೀವಾದಲ್ಲಿ ಬೇರೆ ಧರ್ಮಗಳವರೊಡನೆ ಸಂವಾದಕ್ಕೆಂದೇ ಒಂದು ವಿಭಾಗ ತೆರೆದಾಗ ಅದರ ಮೊದಲ ನಿರ್ದೇಶಕರಾದರು. ಅದಕ್ಕೆ ಒಂದು ವರ್ಷ ಮೊದಲೇ ಲೆಬನಾನಿನ ಅಜಲ್ತೂನ್‌ನಲ್ಲಿ ಹಿಂದೂ, ಬೌದ್ಧ, ಮುಸ್ಲಿಂ, ಕ್ರೈಸ್ತರನ್ನು ಒಟ್ಟಿಗೆ ಕೂರಿಸಿದ್ದರು.

1975ರಲ್ಲಿ ಮಂಡಳಿಯ ಮಹಾಸಭೆ ನೈರೋಬಿಯಲ್ಲಿ ಸೇರಿತು. ಅಲ್ಲಿ ಸಮರ್ಥರ ಕೆಲಸದ ಮೇಲೆ ದೊಡ್ಡ ತಕರಾರೇ ಎದ್ದಿತು. ಸಂವಾದ ಹೀಗೆಯೇ ಮುಂದುವರಿದರೆ ಎಲ್ಲ ಧರ್ಮಗಳೂ ಕಲಸುಮೇಲೋಗರವಾಗುತ್ತವೆ, ಸುವಾರ್ತೆಯ ಕೆಲಸ ನಿಲ್ಲುತ್ತದೆ ಎಂದು ಹೆದರಿದವರಲ್ಲಿ ಯುರೋಪಿನವರು ಮುಂದಿದ್ದರು. ಅದನ್ನು ಸಮರ್ಥಿಸಲು ನಿಂತವರಲ್ಲಿ ಏಷ್ಯಾದವರು ಮುಂದಿದ್ದರು. ಇದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಏಷ್ಯಾದ ಕ್ರೈಸ್ತನಿಗೆ ಪಕ್ಕದ ಮನೆಯವನು ಹಿಂದೂವೋ ಬೌದ್ಧನೋ ಮುಸ್ಲಿಮನೋ ಆಗಿರುತ್ತಾನೆ. ಅವನೊಡನೆ ಮಾತಾಡುವುದು ಆಯ್ಕೆಯ ಪ್ರಶ್ನೆಯೇ ಅಲ್ಲ. ಬೇರೆ ಧರ್ಮದವರನ್ನು ಪುಸ್ತಕದಲ್ಲಿ ಮಾತ್ರ ಕಂಡವರಿಗೆ ಸಂವಾದ ಸಿದ್ಧಾಂತದ ಅಪಾಯವಾಗಿ ಕಂಡಿತು. ಎರಡು ವರ್ಷದ ನಂತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಡೆದ ಸಮಾಲೋಚನೆಯ ವಿಷಯವೇ ಸಮುದಾಯದೊಳಗಿನ ಸಂವಾದ ಎಂಬುದು. ಸಂವಾದದ ನೆಲೆ ವೇದಿಕೆಯಿಂದ ಇಳಿದು ಜನರು ಕೂಡಿ ಬದುಕುವ ಜಾಗಕ್ಕೆ ಬಂತು. ನಾನು ಇವತ್ತು ಹೇಳುತ್ತಿರುವುದಕ್ಕೆ ಈ ಕರಾವಳಿಯ ಹಿರಿಯರ ಋಣವಿದೆ.

ಕೂಡಿ ಬದುಕುವವರು ಯಾವುದನ್ನು ಕುರಿತು ಮಾತಾಡುತ್ತಾರೆ? ದೇವರ ಸ್ವರೂಪವನ್ನು ಕುರಿತಲ್ಲ. ಗಣೇಶನ ವಿಸರ್ಜನೆಯ ಮೆರವಣಿಗೆ ಎಷ್ಟು ಹೊತ್ತಿಗೆ ಮಸೀದಿಯ ಮುಂದೆ ಹೋಗುತ್ತದೆ, ಡಿಜೆ ಅಲ್ಲಿ ನಿಲ್ಲುತ್ತದೋ ಇಲ್ಲವೋ, ಮಿಲಾದ್ ಮೆರವಣಿಗೆ ಯಾವ ರಸ್ತೆ ಹಿಡಿಯುತ್ತದೆ, ಬಂಟಿಂಗ್ಸ್ ಎಲ್ಲಿಯವರೆಗೆ ಕಟ್ಟಬಹುದು. ಹಬ್ಬಕ್ಕೆ ಮುಂಚೆ ಪೊಲೀಸ್ ಠಾಣೆಯಲ್ಲಿ ಕರೆಯುವ ಶಾಂತಿ ಸಭೆಗಳಲ್ಲಿ ನಡೆಯುವುದು ಇದೇ ಮಾತು. ವಿದ್ವಾಂಸರು ಇದನ್ನು ಸಂವಾದವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾನು ತೆಗೆದುಕೊಳ್ಳುತ್ತೇನೆ. ನಮ್ಮ ದೇಶದಲ್ಲಿ ಬೇರೆ ಬೇರೆ ಧರ್ಮದವರು ಕುರ್ಚಿ ಹಾಕಿಕೊಂಡು ಎದುರುಬದುರು ಕೂತು, ಒಬ್ಬರ ಅನುಕೂಲಕ್ಕೆ ಇನ್ನೊಬ್ಬರು ಹೊತ್ತು ಬದಲಿಸಿಕೊಳ್ಳುವ ಇಷ್ಟು ವ್ಯಾಪಕವಾದ ಇನ್ನೊಂದು ವ್ಯವಸ್ಥೆ ನನಗೆ ಕಂಡಿಲ್ಲ.

2023ರಿಂದ 2025ರವರೆಗಿನ ಮೂರು ವರ್ಷ ಈ ಸಭೆಗಳಿಗೆ ಪರೀಕ್ಷೆಯ ಕಾಲವಾಗಿತ್ತು. ಹಿಜರಿ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ಈದ್ ಮಿಲಾದ್ ಪ್ರತಿವರ್ಷ ಹನ್ನೊಂದು ದಿನದಷ್ಟು ಹಿಂದಕ್ಕೆ ಸರಿಯುತ್ತದೆ. ನಮ್ಮ ಪಂಚಾಂಗವೂ ಚಾಂದ್ರಮಾನವೇ, ಆದರೆ ಅಧಿಕಮಾಸ ಸೇರಿಸಿ ಋತುವಿಗೆ ಹೊಂದಿಸಿಕೊಳ್ಳುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂತು, ಭಾದ್ರಪದ ಮುಂದಕ್ಕೆ ಹೋಯಿತು, ಅನಂತ ಚತುರ್ದಶಿಯೂ ಈದ್ ಮಿಲಾದೂ ಸೆಪ್ಟೆಂಬರ್ 28ರಂದೇ ಬಿದ್ದವು. ಮುಂದಿನೆರಡು ವರ್ಷ ಒಂದು ದಿನದ ಅಂತರ. ಎರಡು ಪಂಚಾಂಗಗಳು ಹೀಗೆ ಮುಖಾಮುಖಿಯಾಗುವುದು ಸುಮಾರು 32–33 ವರ್ಷಕ್ಕೊಮ್ಮೆ. ಮುಂಬಯಿಯಲ್ಲಿ ಅನಂತ ಚತುರ್ದಶಿಯೆಂದರೆ ಗಣೇಶನ ವಿಸರ್ಜನೆಗೆ ಇಡೀ ಊರು ಸಮುದ್ರದ ಕಡೆ ಹೊರಡುವ ದಿನ. ಅಲ್ಲಿನ ಖಿಲಾಫತ್ ಸಮಿತಿಯವರು ಮತ್ತು ಇತರ ಮುಸ್ಲಿಂ ಮುಖಂಡರು ಕೂತು ಮಾತಾಡಿ ತಮ್ಮ ಮೆರವಣಿಗೆಯನ್ನು 29ಕ್ಕೆ ಮುಂದೂಡಿದರು. ಮಹಾರಾಷ್ಟ್ರ ಸರ್ಕಾರ ರಜೆಯನ್ನೂ ಅದೇ ದಿನಕ್ಕೆ ಬದಲಿಸಿತು. ಮರುವರ್ಷವೂ ಹಾಗೆಯೇ ಮಾಡಿದರು. ಪ್ರವಾದಿಯ ಜನ್ಮದಿನದ ತಿಥಿ ಬದಲಾಗಲಿಲ್ಲ, ಪ್ರಾರ್ಥನೆ ಆ ದಿನವೇ ನಡೆಯಿತು. ಬೀದಿಯ ಪಾಲಿನ ಹಬ್ಬವನ್ನು ಮಾತ್ರ ಸರಿಸಿಕೊಂಡರು.

ಆದರೆ ಇಲ್ಲೊಂದು ಮಾತನ್ನು ಸೇರಿಸದಿದ್ದರೆ ತಪ್ಪಾಗುತ್ತದೆ. ಸರಿಸಿಕೊಳ್ಳುವವರು ಪ್ರತಿಸಲವೂ ಒಂದೇ ಕಡೆಯವರಾದರೆ, ಅದು ಸೌಜನ್ಯದ ಹೆಸರಿನ ಒತ್ತಡವಾಗುತ್ತದೆ. ಶಾಂತಿ ಸಭೆಯಲ್ಲಿ ಸಂಖ್ಯೆ ಕಡಿಮೆ ಇರುವವರು ಬೇಗ ತಲೆಯಾಡಿಸುತ್ತಾರೆ. ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವ ಮುನ್ನ ಸಭೆ ನಡೆಸುವವರು ಎರಡು ಸಲ ಯೋಚಿಸಬೇಕು.

ಮೈಕಿನ ವಿಷಯದಲ್ಲಿ ಕಾನೂನು ಎಲ್ಲರಿಗೂ ಒಂದೇ, ಸ್ಪಷ್ಟವಾಗಿಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು; ವರ್ಷದಲ್ಲಿ ಹೆಚ್ಚೆಂದರೆ 15 ದಿನ ರಾಜ್ಯ ಸರ್ಕಾರ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಅದೇ ವರ್ಷ ಮದರಾಸಿನ ಒಂದು ಚರ್ಚಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದಿತು. ತಕರಾರು ಹುಟ್ಟುವುದು ಈ ನಿಯಮವನ್ನು ಒಂದು ಮಸೀದಿಗೆ ಅಳೆದು ಒಂದು ಆರ್ಕೆಸ್ಟ್ರಾಕ್ಕೆ ಅಳೆಯದಿದ್ದಾಗ, ಅಥವಾ ಇದರ ತದ್ವಿರುದ್ಧವಾದಾಗ. ಡೆಸಿಬಲ್ ಮೀಟರಿಗೆ ಜಾತಿಯಿಲ್ಲ. ಅದನ್ನು ಎಲ್ಲಿ ಹಿಡಿಯಬೇಕೆಂದು ನಿರ್ಧರಿಸುವವರಿಗೆ ಇರಬಾರದು.

ಈಗ ನಾನು ಬಹಳ ಮುಖ್ಯವೆಂದು ಎಣಿಸಿರುವ ವಿಷಯಕ್ಕೆ ಬರುತ್ತೇನೆ. ಬಾಡಿಗೆ ಮನೆ.

ಬೆಂಗಳೂರಿಗೆ ಕೆಲಸಕ್ಕೆ ಬಂದ ಯುವಕ ಯುವತಿಯರನ್ನು ಕೇಳಿ ನೋಡಿ. ಟು-ಲೆಟ್ ಬೋರ್ಡು ನೋಡಿ ಫೋನ್ ಮಾಡಿದರೆ ಓನರ್ ಕೇಳುವ ಮೊದಲ ಪ್ರಶ್ನೆ ಅಡ್ವಾನ್ಸ್ ಎಷ್ಟು ಕೊಡುತ್ತೀರಿ ಎಂಬುದಲ್ಲ. ಹೆಸರೇನು, ಯಾವ ಜನ, ವೆಜ್ಜೋ ನಾನ್‌ವೆಜ್ಜೋ. ಹೆಸರು ಹೇಳಿದ ಮೇಲೆ ಮನೆ ನಿನ್ನೆಯೇ ಹೋಯಿತು ಎಂಬ ಉತ್ತರ. ಬೋರ್ಡು ಮಾತ್ರ ಹಾಗೆಯೇ ತೂಗುತ್ತಿರುತ್ತದೆ. ನನಗೆ ಪರಿಚಯದ ಮುಸ್ಲಿಂ ಅಧ್ಯಾಪಕಿಯೊಬ್ಬರು ಕನ್ನಡ ಎಂ.ಎ. ಮಾಡಿದವರು, ಹಳಗನ್ನಡ ಕಾವ್ಯವನ್ನು ತಪ್ಪಿಲ್ಲದೆ ಓದಿ ಹೇಳುವವರು. ಅವರಿಗೆ ಮನೆ ಹುಡುಕಿಕೊಡಲು ಹೊರಟ ಬ್ರೋಕರ್ ಕೊನೆಗೆ ಊರಿನ ಯಾವ ಯಾವ ಬಡಾವಣೆಗಳಲ್ಲಿ ಹುಡುಕುವುದೇ ಬೇಡ ಎಂದು ಪಟ್ಟಿ ಕೊಟ್ಟನಂತೆ. ದಲಿತರಿಗೆ ಈ ಅನುಭವ ಇನ್ನೂ ಹಳೆಯದು, ಈಶಾನ್ಯದಿಂದ ಬಂದ ಕ್ರೈಸ್ತ ಹುಡುಗರಿಗೆ ಹೊಸದು. ನಗರ ಪ್ರದೇಶಗಳಲ್ಲಿ ಮುಸ್ಲಿಮರಿಗೆ ಮನೆ ಸಿಗುವುದು ಕಷ್ಟ ಎಂಬುದನ್ನು 2006ರ ಸಾಚಾರ್ ಸಮಿತಿಯೂ ದಾಖಲಿಸಿದೆ.

ಸಂವಿಧಾನ ಇಲ್ಲಿ ಕೈಚೆಲ್ಲುತ್ತದೆ. 15ನೇ ವಿಧಿಯ ಎರಡನೇ ಉಪವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಲ್ಲಿ ಧರ್ಮ ಜಾತಿಗಳ ತಾರತಮ್ಯವನ್ನು ಖಾಸಗಿಯವರಿಗೂ ನಿಷೇಧಿಸುತ್ತದೆ. ಮನೆ ಅದರಲ್ಲಿಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು 19ನೇ ವಿಧಿ ಕೊಡುತ್ತದೆ. ಆದರೆ ಅದನ್ನು ಬಹುಕಾಲ ಓದಿಕೊಂಡು ಬಂದದ್ದು ಸರ್ಕಾರದ ವಿರುದ್ಧದ ಹಕ್ಕೆಂದು, ಓನರ್ ವಿರುದ್ಧದ್ದೆಂದಲ್ಲ. 2005ರಲ್ಲಿ ಅಹಮದಾಬಾದಿನ ಜೊರಾಸ್ಟ್ರಿಯನ್ ಸಹಕಾರಿ ಗೃಹ ನಿರ್ಮಾಣ ಸಂಘದ ಮೊಕದ್ದಮೆಯಲ್ಲಿ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಸಂಘದ ಬೈಲಾವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಪಾರ್ಸಿಗಳಂಥ ಸಣ್ಣ ಸಮುದಾಯ ತನ್ನ ಕಾಲೊನಿಯನ್ನು ಉಳಿಸಿಕೊಳ್ಳಬಯಸುವುದು ನನಗೆ ಅರ್ಥವಾಗುತ್ತದೆ. ಆದರೆ ಅದೇ ತತ್ವವನ್ನು ಊರಿನ ಬಹುಸಂಖ್ಯಾತರು ಬಳಸಿದರೆ ಊರೇ ಹೋಳಾಗುತ್ತದೆ. ಈ ವ್ಯತ್ಯಾಸವನ್ನು ನ್ಯಾಯಾಲಯ ಸಾಕಷ್ಟು ತೂಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೋಳಾದ ಊರು ಹೇಗಿರುತ್ತದೆ ಎಂಬುದನ್ನು ನೋಡಲು ಅದೇ ಅಹಮದಾಬಾದಿಗೆ ಹೋಗಬೇಕು. ಅಲ್ಲಿನ ಜುಹಾಪುರಾ ಇವತ್ತು ಮುಸ್ಲಿಮರ ದೊಡ್ಡ ಬಡಾವಣೆ. ಅದರ ಮೂಲ 1973ರ ಸಾಬರಮತಿ ಪ್ರವಾಹದಲ್ಲಿ ಮನೆ ಕಳೆದುಕೊಂಡವರಿಗೆಂದು ಕಟ್ಟಿಸಿದ ವಸತಿ. ಅದರಲ್ಲಿ ಹಿಂದೂಗಳೂ ಇದ್ದರು. ಒಂದೊಂದು ಗಲಭೆಯಾದಾಗಲೂ ಒಂದಿಷ್ಟು ಜನ ಆಚೆ ಹೋದರು, ಒಂದಿಷ್ಟು ಜನ ಈಚೆ ಬಂದರು. ಗಲಭೆಗೆ ಹೆದರಿ ಬಂದಷ್ಟಕ್ಕೆ ಮನೆ ಮಾರಿ ಓಡುವುದನ್ನು ತಡೆಯಲು ಗುಜರಾತಿನಲ್ಲಿ ಪ್ರಕ್ಷುಬ್ಧ ಪ್ರದೇಶಗಳ ಕಾಯ್ದೆ ಬಂತು. ಈಗಿನ ರೂಪ 1991ರದು. ಘೋಷಿತ ಪ್ರದೇಶದಲ್ಲಿ ಆಸ್ತಿ ಮಾರಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಉದ್ದೇಶ ಒಳ್ಳೆಯದೇ. ಆದರೆ ಒಂದು ಧರ್ಮದವರು ಇನ್ನೊಂದು ಧರ್ಮದವರಿಗೆ ಸ್ವಇಚ್ಛೆಯಿಂದ ಮನೆ ಮಾರಲು ಹೊರಟಾಗಲೂ ಅದೇ ಕಾಯ್ದೆ ಅಡ್ಡ ನಿಲ್ಲುವಂತಾಯಿತು. ಬೆರೆಯುವುದನ್ನು ಉಳಿಸಲು ಬಂದ ಕಾನೂನು ಬೇರೆಯಾಗಿ ಇರುವುದನ್ನು ಗಟ್ಟಿಗೊಳಿಸಿತು.

ಬೇರೆ ದಾರಿಯೂ ಉಂಟು. ಅಮೆರಿಕದಲ್ಲಿ 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಒಂದು ವಾರದೊಳಗೆ ನ್ಯಾಯಸಮ್ಮತ ವಸತಿ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಮನೆ ಮಾರುವಾಗ, ಬಾಡಿಗೆ ಕೊಡುವಾಗ ವರ್ಣ, ಜನಾಂಗ, ಧರ್ಮ, ರಾಷ್ಟ್ರಮೂಲಗಳ ಮೇಲೆ ತಾರತಮ್ಯ ಮಾಡುವುದು ಕಾನೂನುಬಾಹಿರವಾಯಿತು. ಓನರ್ ತಾನೇ ವಾಸವಿದ್ದು ನಾಲ್ಕು ಮನೆಯೊಳಗಿನ ಕಟ್ಟಡವಾದರೆ ವಿನಾಯಿತಿ ಉಂಟು. ಕಾನೂನು ಬಂದೊಡನೆ ಅಲ್ಲಿನ ನಗರಗಳ ಕರಿ ಬಿಳಿ ಗೆರೆ ಅಳಿಸಿಹೋಗಲಿಲ್ಲ. ಆದರೂ ಮನೆ ಇಲ್ಲ ಎನ್ನಿಸಿಕೊಂಡವನಿಗೆ ಹೋಗಿ ಕೇಳಲು ಒಂದು ಬಾಗಿಲು ಸಿಕ್ಕಿತು. ನಮ್ಮಲ್ಲಿಯೂ ಅಂಥದೊಂದು ಬೇಕು. ಮೇಲಿನ ಮಹಡಿಯಲ್ಲಿ ತಾವಿದ್ದು ಕೆಳಗಿನ ಒಂದು ಮನೆಯನ್ನು ಬಾಡಿಗೆಗೆ ಕೊಡುವ ವೃದ್ಧ ದಂಪತಿಯನ್ನು ಕೋರ್ಟಿಗೆ ಎಳೆಯಬೇಕೆಂದು ನಾನು ಕೇಳುತ್ತಿಲ್ಲ. ನೂರಾರು ಫ್ಲ್ಯಾಟುಗಳ ಅಪಾರ್ಟ್‌ಮೆಂಟು ಸಂಘ, ಲೇಔಟು ಮಾಡುವ ಬಿಲ್ಡರು, ದಲ್ಲಾಳಿ ಕಂಪನಿ ಇವರಿಗಾದರೂ ಈ ಕಟ್ಟುಪಾಡು ಇರಲಿ.

ಅಂತಃಸಾಕ್ಷಿಯ ಪ್ರಶ್ನೆಗೆ ಮರಳುತ್ತೇನೆ ಎಂದಿದ್ದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು 30 ದಿನದ ನೋಟಿಸು ಕೊಡಬೇಕು. ಅವರ ಹೆಸರು ವಿಳಾಸ ಕಚೇರಿಯಲ್ಲಿ ಪ್ರಕಟವಾಗುತ್ತದೆ, ಯಾರು ಬೇಕಾದರೂ ಆಕ್ಷೇಪ ಎತ್ತಬಹುದು. ಕರ್ನಾಟಕದ 2022ರ ಮತಾಂತರ ಸಂಬಂಧದ ಕಾಯ್ದೆಯೂ 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಕೊಡಬೇಕೆಂದಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಬಲವಂತ, ಆಮಿಷಗಳನ್ನು ತಡೆಯಬೇಕೆಂಬ ಕಳಕಳಿ ಸುಳ್ಳೆಂದು ನಾನು ಹೇಳುವುದಿಲ್ಲ. ಅಂಥ ದೂರಿದ್ದರೆ ಪೊಲೀಸರು ವಿಚಾರಿಸಲಿ. ಆದರೆ ವಯಸ್ಸಿಗೆ ಬಂದ ಹೆಣ್ಣು ಮಗಳೊಬ್ಬಳು ಏನನ್ನು ನಂಬಬೇಕು, ಯಾರನ್ನು ಮದುವೆಯಾಗಬೇಕು ಎಂದು ನಿರ್ಧರಿಸಿದ ಮೇಲೆ ಅವಳ ವಿಳಾಸವನ್ನು ನೋಟಿಸು ಬೋರ್ಡಿಗೆ ಅಂಟಿಸುವುದು ಅವಳನ್ನು ಬೀದಿಗೆ ಒಪ್ಪಿಸಿದಂತೆ. ನಗರಕ್ಕೆ ಬಂದವರು ಊರಿನ ಕಣ್ಣುಗಳಿಂದ ತಪ್ಪಿಸಿಕೊಂಡು ಉಸಿರಾಡಲು ಬಂದವರೂ ಹೌದು. ನೆರೆಹೊರೆಯನ್ನು ಇಷ್ಟು ಹೊಗಳಿದ ನಾನು ಇದನ್ನೂ ಹೇಳಲೇಬೇಕು: ನೆರೆಯವರು ಪಹರೆಯವರಾದರೆ ಸ್ವಾತಂತ್ರ್ಯ ಉಳಿಯುವುದಿಲ್ಲ.

ಸತ್ತವರ ಜಾಗದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿನ ಕಲ್ಪಳ್ಳಿಯಲ್ಲಿ ಹಿಂದೂಗಳ ರುದ್ರಭೂಮಿಯೂ ಕ್ರೈಸ್ತರ ಸಿಮೆಟ್ರಿಯೂ ಅಕ್ಕಪಕ್ಕದಲ್ಲಿವೆ. 2020 ಮತ್ತು 2021ರಲ್ಲಿ ಕೊರೊನಾ ಬಂದು, ಹೆತ್ತ ಮಕ್ಕಳೇ ಹೆಣದ ಹತ್ತಿರ ಬರಲು ಹೆದರಿದಾಗ, ಬೆಂಗಳೂರಿನಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಯುವಕರ ತಂಡಗಳು ಯಾವ ಧರ್ಮದವರು ಸತ್ತರೂ ಅವರವರ ವಿಧಿಯಂತೆ ಮಣ್ಣು ಮಾಡಿದವು, ಚಿತೆಗೆ ಇಟ್ಟವು. ಅವರು ಇನ್ನೊಂದು ಧರ್ಮದ ಅಂತ್ಯವಿಧಿಯನ್ನು ಕಲಿತದ್ದು ಆಗ. ಇತ್ತ ಹೊಸ ಬಡಾವಣೆಗಳ ನಕ್ಷೆ ತೆಗೆದು ನೋಡಿ. ಪಾರ್ಕು ಇದೆ, ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಸಿ.ಎ. ಸೈಟುಗಳಿವೆ. ಖಬರಸ್ತಾನ, ಸಿಮೆಟ್ರಿ, ರುದ್ರಭೂಮಿ ಎಲ್ಲಿ ಎಂದು ಹುಡುಕಬೇಕು. ಮೂವತ್ತು ಕಿಲೋಮೀಟರ್ ದೂರದಿಂದ ಹೆಣವನ್ನು ಟ್ರಾಫಿಕ್‌ನಲ್ಲಿ ಹೊತ್ತು ತರುವ ಬಡ ಕುಟುಂಬಕ್ಕೆ 25ನೇ ವಿಧಿ ಏನೆಂದು ವಿವರಿಸುವುದು ಹೇಗೆ? ಸಿ.ಎ. ಸೈಟು ಹಂಚುವಾಗ ಪ್ರಭಾವವಿದ್ದ ಸಮುದಾಯಕ್ಕೆ ಮೊದಲು ಎಂಬುದು ಗುಟ್ಟಿನ ಮಾತಲ್ಲ. ಪ್ರಾರ್ಥನೆಗೆ ಜಾಗ ಸಿಗದವರು ಬಾಡಿಗೆ ಮಳಿಗೆಯಲ್ಲಿ ಸೇರುತ್ತಾರೆ, ಆಮೇಲೆ ಅದೇ ದೂರಿಗೆ ಕಾರಣವಾಗುತ್ತದೆ.

ಇದನ್ನೆಲ್ಲ ಮಾತಾಡಲು ನಮಗೆ ಇರುವ ಜಾಗ ಸದ್ಯಕ್ಕೆ ಪೊಲೀಸ್ ಠಾಣೆಯೊಂದೇ. ಬೆಂಗಳೂರು ಪಾಲಿಕೆಗೆ 2015ರ ಆಗಸ್ಟ್‌ನಲ್ಲಿ ಚುನಾವಣೆಯಾಯಿತು, 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ಅಲ್ಲಿಂದ ವರ್ಷಗಟ್ಟಲೆ ನಗರಕ್ಕೆ ಚುನಾಯಿತ ಕಾರ್ಪೊರೇಟರುಗಳೇ ಇರಲಿಲ್ಲ. ಕಾರ್ಪೊರೇಟರ್ ಇಲ್ಲದ ವಾರ್ಡಿನಲ್ಲಿ ಧರ್ಮದ ತಕರಾರು ಸೀದಾ ಇನ್ಸ್‌ಪೆಕ್ಟರ್ ಮೇಜಿಗೆ ಹೋಗುತ್ತದೆ; ಅಲ್ಲಿ ಅದು ಕಾನೂನು ಸುವ್ಯವಸ್ಥೆಯ ಫೈಲಾಗುತ್ತದೆ. ಶಾಂತಿ ಸಭೆಗೆ ಕರೆಯುವುದೂ ಗೊತ್ತಿದ್ದವರನ್ನೇ, ಎಲ್ಲರೂ ಗಂಡಸರು, ಬಹುಪಾಲು ನಡುವಯಸ್ಸು ದಾಟಿದವರು. ಮೆರವಣಿಗೆಯಲ್ಲಿ ಕುಣಿಯುವ ಹುಡುಗರು ಅಲ್ಲಿರುವುದಿಲ್ಲ. ಗಲಾಟೆಯಾದರೆ ಮಕ್ಕಳನ್ನು ಶಾಲೆಯಿಂದ ಓಡಿ ಕರೆತರಬೇಕಾದ ತಾಯಂದಿರೂ ಇರುವುದಿಲ್ಲ. ಗುಡಿ, ಮಸೀದಿ, ಚರ್ಚುಗಳಿಗೆ ಹೋಗದ, ಯಾವ ಧರ್ಮವನ್ನೂ ಹಚ್ಚಿಕೊಳ್ಳದ ಜನ ಪ್ರತಿ ಬೀದಿಯಲ್ಲೂ ಇದ್ದಾರೆ. ಅವರನ್ನು ಯಾರೂ ಕೇಳುವುದಿಲ್ಲ. ಅಂತಃಸಾಕ್ಷಿಯ ಸ್ವಾತಂತ್ರ್ಯ ಅವರದೂ ಹೌದು.

74ನೇ ತಿದ್ದುಪಡಿ ದೊಡ್ಡ ನಗರಗಳಿಗೆ ವಾರ್ಡ್ ಸಮಿತಿಗಳನ್ನು ಕೊಟ್ಟು ಮೂರು ದಶಕ ಕಳೆದಿದೆ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದ್ದಾರೆ. ಹೊಸ ವ್ಯವಸ್ಥೆಯಲ್ಲಿ ಪ್ರತಿ ವಾರ್ಡ್ ಸಮಿತಿಯೂ ವರ್ಷಕ್ಕೆ ಕೆಲವು ಸಲವಾದರೂ ಈ ವಿಷಯಕ್ಕೆಂದೇ ಕೂರಲಿ. ಮೊದಲ ಸಭೆಯನ್ನು ಯಾವ ಹಬ್ಬವೂ ಇಲ್ಲದ ತಿಂಗಳಲ್ಲಿ ಕರೆಯಲಿ. ಹಬ್ಬದ ಮುನ್ನಾದಿನದ ಸಭೆಯಲ್ಲಿ ಭಯ ಮಾತಾಡುತ್ತದೆ. ಠಾಣೆಯಲ್ಲಿ ಬೇಡ, ಸರ್ಕಾರಿ ಶಾಲೆಯ ಕೋಣೆಯಲ್ಲೋ ಗ್ರಂಥಾಲಯದಲ್ಲೋ ನಡೆಯಲಿ. ಅರ್ಧದಷ್ಟು ಹೆಂಗಸರಿರಲಿ, ಗಣೇಶ ಕೂರಿಸುವ ಹುಡುಗರೂ ಮಿಲಾದ್ ಕಮಿಟಿಯ ಹುಡುಗರೂ ಇರಲಿ. ವಾರ್ಡಿನಲ್ಲಿ ಯಾರಿಗೆ ಮನೆ ಕೊಡಲಿಲ್ಲ, ಯಾರ ಹೆಣ ಎಷ್ಟು ದೂರ ಹೋಯಿತು, ಯಾವ ಸಿ.ಎ. ಸೈಟು ಯಾರಿಗೆ ಹೋಯಿತು, ಯಾರ ಮೈಕು ಎಷ್ಟು ಹೊತ್ತಿನವರೆಗೆ ಕೂಗಿತು ಎಂಬುದನ್ನು ಬರೆದಿಡಲಿ, ಆ ಬರಹ ಎಲ್ಲರಿಗೂ ಓದಲು ಸಿಗಲಿ. ಈ ಸಭಾಂಗಣದಲ್ಲಿ ಅಪಾರ್ಟ್‌ಮೆಂಟು ಸಂಘಗಳ ಪದಾಧಿಕಾರಿಗಳು ಹಲವರಿದ್ದೀರಿ ಎಂದು ಬಲ್ಲೆ. ನಿಮ್ಮ ಸಂಘದ ಬೈಲಾವನ್ನು ಇವತ್ತು ರಾತ್ರಿ ಒಮ್ಮೆ ಓದಿ ನೋಡಿ. ಬಾಡಿಗೆಗೆ ಯಾರು ಬರಬಹುದು ಎಂಬ ಪುಟದಿಂದ ಶುರುಮಾಡಿ.